ಮೈಸೂರು ಕುದುರೆ ಸವಾರರು: ಹೈಫಾಕ್ಕೆ ಗೊತ್ತು, ನಮಗೆ ಗೊತ್ತಿಲ್ಲ!

ತುರುವೇಕೆರೆ ಸೀಮೆಯಲ್ಲಿ ವೀರಗಲ್ಲು ಹೊಸದಲ್ಲ. ಕೆಳಗೆ ಕತ್ತಿ ಹಿಡಿದು ಕಾದಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ದನಗಳ್ಳರನ್ನು ತಡೆಯಲು ಹೋಗಿ ಸತ್ತವನಿಗೂ ಊರು ಕಲ್ಲು ನಿಲ್ಲಿಸುತ್ತಿತ್ತು. ಇಂಗ್ಲೆಂಡಿನವರ ಪದ್ಧತಿ ಬೇರೆ. ಯುದ್ಧಕ್ಕೆ ಹೋಗಿ ಮಡಿದ ಊರ ಹುಡುಗರ ಹೆಸರನ್ನು ಅಲ್ಲಿನ ಹಳ್ಳಿ ಚರ್ಚಿನ ಗೋಡೆಯಲ್ಲಿ ಕೆತ್ತಿ ಇಡುತ್ತಾರೆ.

ಹಾಗಾದರೆ ಸಮುದ್ರ ದಾಟಿ ಹೋಗಿ ಸತ್ತ ಮೈಸೂರು ಸೀಮೆಯ ಕುದುರೆ ಸವಾರನಿಗೆ?

ಅವನಿಗೂ ಒಂದು ಕಲ್ಲಿದೆ. ಊರ ಮುಂದೆ ಅಲ್ಲ, ಬೆಂಗಳೂರಿನ ಜೆ.ಸಿ. ನಗರದಲ್ಲಿ! ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಅಂತ ಅದಕ್ಕೆ ಹೆಸರು. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯಿಂದ ಕೊಬ್ಬರಿ ವ್ಯವಹಾರಕ್ಕೋ ಆಸ್ಪತ್ರೆಗೋ ಹೋಗುವವರು ಮೇಖ್ರಿ ಸರ್ಕಲ್ ಸುತ್ತ ಎಷ್ಟು ಸಲ ಓಡಾಡಿಲ್ಲ? ಕಲ್ಲು ಕಂಡವರೆಷ್ಟು ಮಂದಿ?

ಮೈಸೂರು ಲ್ಯಾನ್ಸರ್ಸ್ ಅಂದರೆ ಬ್ರಿಟಿಷರ ದಂಡಲ್ಲ, ಮೈಸೂರು ಸಂಸ್ಥಾನದ್ದೇ ಅಶ್ವದಳ. 1914ರಲ್ಲಿ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟರು. ಜೊತೆಗೆ ಈ ಸವಾರರನ್ನೂ ಕಳಿಸಿಕೊಟ್ಟರು. ಇವರು ಮೊದಲು ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದರು. ಆಮೇಲೆ ಪ್ಯಾಲೆಸ್ಟೈನಿಗೆ ಹೋದರು.

1918ರ ಸೆಪ್ಟೆಂಬರ್ 23. ಹೈಫಾ ಬಂದರು ತುರ್ಕರ ಕೈಲಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಜೌಗು. ನಡುವೆ ಕಿರಿದಾದ ದಾರಿ, ಅದಕ್ಕೆ ಗುರಿಯಿಟ್ಟ ಫಿರಂಗಿ, ಮೆಷಿನ್ ಗನ್ನು. ನಮ್ಮವರ ಕೈಲಿ? ಭರ್ಜಿ! ಮೈಸೂರಿನವರು ಬೆಟ್ಟ ಹತ್ತಿ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಲು ಹೊರಟರು. ಜೋಧಪುರದ ಸವಾರರು ಕೆಳಗಿನಿಂದ ಊರಿಗೇ ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಬಿದ್ದರು. ಸಂಜೆಯೊಳಗೆ ಊರು ಕೈಸೇರಿತು. ಸೆರೆ ಸಿಕ್ಕವರು 1,350 ಮಂದಿ. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಮಾತ್ರ 60 ಸತ್ತವು. ಕುಣಿಗಲ್ ಕುದುರೆ ಫಾರಂ ಇರುವ ಜಿಲ್ಲೆಯವರಿಗೆ ಈ ಲೆಕ್ಕ ಸುಮ್ಮನೆ ಓದಿ ಬಿಡುವಂಥದ್ದಲ್ಲ.

ಹೈಫಾದ್ದು ಗೆದ್ದ ಕಥೆ, ಹಾಗಾಗಿ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಅಕ್ಟೋಬರ್ 26ರಂದು ಅಲೆಪ್ಪೊ ಊರಾಚೆಯ ಹರಿತಾನ್‌ನಲ್ಲಿ ಇದೇ ಮೈಸೂರು, ಜೋಧಪುರದ ಸವಾರರು ಮತ್ತೆ ಭರ್ಜಿ ಎತ್ತಿ ನುಗ್ಗಿದರು. ಈ ಸಲ ಎದುರಿಗಿದ್ದ ದಂಡು ದೊಡ್ಡದು. ಹೈಫಾಕ್ಕಿಂತ ಹೆಚ್ಚು ಜೀವ ಹೋಯಿತು. ನಾಲ್ಕೇ ದಿನ ಕಳೆದು, 30ರಂದು, ತುರ್ಕರ ಜೊತೆ ಕದನವಿರಾಮಕ್ಕೆ ರುಜು ಬಿತ್ತು. ಇನ್ನು ನಾಲ್ಕು ದಿನ ತಳ್ಳಿದ್ದರೆ ಅವರೆಲ್ಲ ಮನೆಗೆ ಬರುತ್ತಿದ್ದರಲ್ಲ!

ಬ್ರಿಟಿಷರ ಯುದ್ಧಕ್ಕೆ ನಮ್ಮವರು ಯಾಕೆ ಸಾಯಬೇಕಿತ್ತು ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದನ್ನು ಕಳಿಸಿದವರಿಗೆ ಕೇಳಬೇಕು, ಸತ್ತ ಸವಾರನಿಗಲ್ಲ.

ದೆಹಲಿಯಲ್ಲಿ ಇವರ ನೆನಪಿಗೆ ಬೊಂಬೆಗಳೇ ಇವೆ. ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿಗೆ, ಉಳಿದೆರಡು ಹೈದರಾಬಾದ್, ಜೋಧಪುರಕ್ಕೆ ಸೇರಿದ್ದು. 2018ರಲ್ಲಿ ಆ ಚೌಕದ ಹೆಸರಿಗೆ ಹೈಫಾ ಅನ್ನೋದೂ ಸೇರಿತು. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಲ್ಯಾನ್ಸರ್ಸ್ ಬೇರೆ ಸಂಸ್ಥಾನಗಳ ಅಶ್ವದಳಗಳ ಜೊತೆ ಕೂಡಿ 61ನೇ ಕ್ಯಾವಲ್ರಿ ಆಯಿತು. ಸೆಪ್ಟೆಂಬರ್ 23 ಸೈನ್ಯಕ್ಕೆ ಹೈಫಾ ದಿನ. ಹೈಫಾದವರೂ ಮರೆತಿಲ್ಲ, ಅಲ್ಲಿನ ಭಾರತೀಯ ಸೈನಿಕರ ಸ್ಮಶಾನದಲ್ಲಿ ಹೂಗುಚ್ಛ ಇಡುತ್ತಾರೆ.

ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಪಾಣಿಪತ್ ಯುದ್ಧದ ಇಸವಿ ಬಾಯಿಪಾಠ ಮಾಡಿಸುತ್ತಾರೆ. ಬೆಂಗಳೂರಿಗೆ ಪ್ರವಾಸ ಕರಕೊಂಡು ಹೋದಾಗ ವಿಧಾನಸೌಧ, ಲಾಲ್‌ಬಾಗ್ ತೋರಿಸುತ್ತಾರೆ. ಅದೇ ಬಸ್ಸನ್ನು ಅರ್ಧ ಗಂಟೆ ಈ ಕಲ್ಲಿನ ಮುಂದೂ ನಿಲ್ಲಿಸಿದರೆ ಆಗದೇ?

ಯಶವಂತಪುರದಲ್ಲಿ ಇಳಿದರೆ ಜೆ.ಸಿ. ನಗರ ದೂರವೇನಲ್ಲ. ಆಟೋದವನಿಗೆ ಟಿ.ವಿ. ಟವರ್ ಕಡೆ ಅಂದರೆ ಸಾಕು.