ನಿಮಗಿದು ಗೊತ್ತೇ? ಕಾಫಿ ಬುಡದಲ್ಲೂ ಗೊಂಬೆ ಅರಳುತ್ತದೆ!

ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿ ಗಿರಿಯ ಸುತ್ತ ಯಾರಿಗೆ ತಿಳಿದಿಲ್ಲ? ಆ ಗಿಡದ ಕಾಂಡ ಕೆತ್ತನೆಗೂ ಒದಗುತ್ತದೆ ಎಂಬುದು ಮಾತ್ರ ಹಲವರಿಗೆ ಹೊಸತು. ನಸುಬಿಳುಪು ಬಣ್ಣ, ಒತ್ತಾದ ಎಳೆ, ಗಟ್ಟಿ ಮೈ. ಹಳೆಯ ರೊಬಸ್ಟಾ ಬುಡ ಸಿಕ್ಕರೆ ಪುಟ್ಟ ಗಣಪನಿಗೆ ಧಾರಾಳ. ಕೊಯ್ಲು ಮುಗಿದು ಗಿಡ ಸವರುವ ಕಸಿ ನಡೆಯುವಾಗ ಬಿದ್ದ ತುಂಡುಗಳನ್ನು ಒಲೆಗೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ನೋಡಿ.

ತೂತು ಕಂಡರೆ ಮಾತ್ರ ಬೇಡವೇ ಬೇಡ. ಅರೇಬಿಕಾವನ್ನು ಕಾಡುವ ಬಿಳಿ ಕಾಂಡಕೊರಕದ ಹುಳು ಒಳಗೆ ತಿಂಗಳುಗಟ್ಟಲೆ ಸುರಂಗ ಕೊರೆಯುತ್ತದೆ. ಕಡಿದಿಟ್ಟ ಕಾಂಡದಿಂದಲೂ ಜೀರುಂಡೆಯಾಗಿ ಹೊರಬರುತ್ತದೆ. ಅದಕ್ಕೇ ಅಂಥ ಗಿಡವನ್ನು ಕಿತ್ತು ಸುಡುವುದು.

ದುಂಡು ಕಾಂಡ ಒಣಗುವಾಗ ಸೀಳು ಬಿಡುವುದೇಕೆ? ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಸುತ್ತಳತೆಯ ಗುಂಟ ಕುಗ್ಗುವ ಪ್ರಮಾಣ, ತಿರುಳಿನ ದಿಕ್ಕಿಗೆ ಕುಗ್ಗುವುದರ ಸುಮಾರು ಇಮ್ಮಡಿ. ಆ ಎಳೆದಾಟಕ್ಕೆ ಹೊರಮೈ ಬಿರಿಯುತ್ತದೆ. ಕಾಂಡವನ್ನು ತಿರುಳಿನ ನಡುವೆ ಎರಡು ಹೋಳು ಮಾಡಿ, ತುದಿಗಳಿಗೆ ಮೇಣ ಬಳಿದು, ನೆರಳಿನಲ್ಲಿ ನಿಧಾನ ಒಣಗಿಸಿದರೆ ಬಹುಪಾಲು ಉಳಿಯುತ್ತದೆ. ಇಲ್ಲಿ ಅವಸರ ಮಾಡಿದವರ ಗೊಂಬೆಗೆ ಮುಖದ ಮೇಲೇ ಬಿರುಕು.

ತೋಟದ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮೂಲತಃ ಆಸ್ಟ್ರೇಲಿಯಾದ್ದು. ತಿರುಳಿನಿಂದ ಹೊರಕ್ಕೆ ನೇರ ಸೀಳಿದರೆ ಹಲಗೆಯಲ್ಲಿ ಲೇಸು ಹೆಣೆದಂಥ ಚಿತ್ತಾರ! ಬೀಟೆಯ ಮಾತು ಬೇರೆ: ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ನಿಯಂತ್ರಣವಿದೆ. ಅದರ ಧೂಳು ಕೆಲವರ ಚರ್ಮಕ್ಕೆ ಆಗದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಹಲಸಿನ ಮರದ ಹಳದಿ ಬೆಳಕಿಗೆ ಕಂದಾಗುತ್ತ ಹೋಗುತ್ತದೆ. ಮರಗೆತ್ತನೆಗೆ ಘಟ್ಟದ ಕೆಳಗೂ ಹೆಸರಿದೆ: ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತಗಳ ಮರದ ವಿಗ್ರಹಗಳು ಪ್ರಸಿದ್ಧ; ಅಲ್ಲಿನ ಹಳೆಯ ಕೆಲವು ದಿಲ್ಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿವೆ.

ಚನ್ನಪಟ್ಟಣದ ಗೊಂಬೆಗೆ ಬ್ರಷ್ ಬೇಕಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಹಿಡಿಯುತ್ತದೆ.

ಕೈಯಲ್ಲಿ ಕೆತ್ತಿದ್ದಕ್ಕೆ ಉಪ್ಪುಕಾಗದವೇ ಗತಿ: 80, 120, 220, ಸಂಖ್ಯೆ ಏರಿದಂತೆ ನಯ. ಕೊನೆಗೆ ಒದ್ದೆ ಬಟ್ಟೆ ಸವರಿ. ನವಿರು ನಾರು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಮತ್ತೊಮ್ಮೆ ತಿಕ್ಕಿ, ಆಮೇಲೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬೇಡಿ: ಒಣಗುವಾಗ ಬಿಸಿ ಹುಟ್ಟಿ, ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.