ಸೆರೆಮನೆಯೇ ಕಾಣದ ಕೈದಿಯ ಚಿತ್ರ

ಗುಲಾಮರ ವ್ಯಾಪಾರದ ಪಾಠ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಸರಪಳಿ, ಚಾಟಿ, ಬಾಗಿದ ಬೆನ್ನು. ಅದಕ್ಕೇ ಅಮೆರಿಕದ ಕಲಾವಿದ ನಥಾನಿಯೆಲ್ ಜೋಸಲಿನ್ ರಚಿಸಿದ ಸೆಂಗ್ಬೆ ಪಿಯೆಯ ತೈಲಚಿತ್ರ ನನ್ನನ್ನು ಹಿಡಿದು ನಿಲ್ಲಿಸಿತು.

ಸೆಂಗ್ಬೆ ಇಂದಿನ ಸಿಯೆರಾ ಲಿಯೋನ್‌ನ ಮೆಂಡೆ ಜನಾಂಗದ ರೈತ. ಅವನನ್ನು ಅಪಹರಿಸಿ ಕ್ಯೂಬಾದಲ್ಲಿ ಮಾರಲಾಯಿತು. 1839ರ ಜುಲೈನಲ್ಲಿ ಅಮಿಸ್ಟಾಡ್ ಎಂಬ ಹಡಗಿನಲ್ಲಿ ಸಾಗಿಸುತ್ತಿದ್ದಾಗ ಅವನ ಮುಂದಾಳತ್ವದಲ್ಲಿ ಬಂಧಿಗಳು ದಂಗೆ ಎದ್ದರು. ಊರಿಗೆ ಮರಳಬೇಕೆಂದು ಪೂರ್ವಕ್ಕೆ ಹೊರಟರೆ, ಜೀವಂತ ಉಳಿಸಿಕೊಂಡಿದ್ದ ಸ್ಪೇನಿನ ಯಜಮಾನರು ರಾತ್ರಿ ಹೊತ್ತು ದಿಕ್ಕು ತಪ್ಪಿಸಿ ಅಮೆರಿಕದ ಕರಾವಳಿಗೆ ತಂದರು. ಕೊಲೆ, ಕಡಲ್ಗಳ್ಳತನದ ಆರೋಪ ಹೊರಿಸಿ ನ್ಯೂ ಹೇವನ್ ಜೈಲಿನಲ್ಲಿಟ್ಟರು.

ಜೋಸಲಿನ್ ಅದೇ ಊರಿನವನು, ಗುಲಾಮಗಿರಿಯ ವಿರೋಧಿ. ಫಿಲಡೆಲ್ಫಿಯಾದ ಕಪ್ಪು ಜನಾಂಗದ ಹೋರಾಟಗಾರ ರಾಬರ್ಟ್ ಪರ್ವಿಸ್ ಈ ಚಿತ್ರ ಬರೆಸಿದ. ಸೆಂಗ್ಬೆ ಇನ್ನೂ ಬಂಧನದಲ್ಲಿದ್ದಾಗಲೇ ಬರೆದದ್ದಾದರೂ ಇದರಲ್ಲಿ ಕಂಬಿಯಿಲ್ಲ, ಬೇಡಿಯಿಲ್ಲ. ಹಿಂದೆ ಗುಡ್ಡಗಳು, ತೆರೆದ ಆಕಾಶ. ಕೈಯಲ್ಲೊಂದು ಬಿದಿರಿನ ಕೋಲು. ನೋಟ ನಮ್ಮ ಮೇಲಿಲ್ಲ, ದೂರದಲ್ಲೆಲ್ಲೋ ನೆಟ್ಟಿದೆ. ಒಂದು ಹೆಗಲನ್ನು ಬರಿದಾಗಿಸಿ ಹೊದ್ದ ಬಿಳಿಬಟ್ಟೆ ಕಂಡಾಗ ನನಗೆ ಹಾಜಿಗಳ ಇಹ್ರಾಮ್ ನೆನಪಾಯಿತು. ಕಲಾ ಇತಿಹಾಸಕಾರರು ಅದರಲ್ಲಿ ರೋಮನ್ನರ ಟೋಗಾದ ಛಾಯೆಯನ್ನು ಕಾಣುತ್ತಾರೆ. ಅಂದರೆ ಗುಲಾಮನಲ್ಲ, ಸ್ವತಂತ್ರ ಪ್ರಜೆ! ನ್ಯಾಯಾಲಯದ ಕೊನೆಯ ಮಾತು ಬರುವ ಮೊದಲೇ ಕಲಾವಿದ ತನ್ನ ತೀರ್ಪು ಬರೆದಿಟ್ಟಿದ್ದಾನೆ ಎಂದೇ ನಾನು ಇದನ್ನು ಓದುತ್ತೇನೆ.

ಇದನ್ನು ಎಲ್ಲರೂ ಮೆಚ್ಚಲಿಲ್ಲ. 1841ರಲ್ಲಿ ಫಿಲಡೆಲ್ಫಿಯಾದ ಕಲಾವಿದರ ಸಂಘ ತನ್ನ ಪ್ರದರ್ಶನಕ್ಕೆ ಚಿತ್ರವನ್ನು ಸೇರಿಸಲು ಒಪ್ಪಲಿಲ್ಲ. ಊರಲ್ಲಿ ಉದ್ವೇಗವಿರುವಾಗ ಇಂಥದ್ದು ಬೇಡವೆಂಬುದು ಅವರ ನೆಪ. ಭಯಕ್ಕೆ ಕಾರಣವಿರಲಿಲ್ಲವೆಂದಲ್ಲ, ಗುಲಾಮಗಿರಿ ವಿರೋಧಿಗಳು ಕಟ್ಟಿದ ಪೆನ್ಸಿಲ್ವೇನಿಯಾ ಹಾಲ್ ಸಭಾಭವನವನ್ನು 1838ರಲ್ಲಿ ದೊಂಬಿಗಾರರು ಅದೇ ನಗರದಲ್ಲಿ ಸುಟ್ಟಿದ್ದರು. ಆದರೆ ಜಾನ್ ಸಾರ್ಟೇನ್ ಎಂಬ ಕೆತ್ತನೆಗಾರ ಈ ಚಿತ್ರದ ಮುದ್ರಿತ ಪ್ರತಿಗಳನ್ನು ಸಿದ್ಧಪಡಿಸಿದ್ದ. ಗೋಡೆಯ ಮೇಲೆ ಜಾಗ ಸಿಗದಿದ್ದರೂ ಆ ಮುಖ ಜನರ ಕೈಗೆ ತಲುಪಿತು.

1841ರ ಮಾರ್ಚ್ 9ರಂದು ಅಮೆರಿಕದ ಸುಪ್ರೀಂ ಕೋರ್ಟ್ ಇವರು ಯಾರ ಆಸ್ತಿಯೂ ಅಲ್ಲ, ಸ್ವತಂತ್ರರು ಎಂದಿತು. ಬದುಕುಳಿದ 35 ಮಂದಿ ಮರುವರ್ಷದ ಜನವರಿಯಲ್ಲಿ ಸಿಯೆರಾ ಲಿಯೋನ್ ತಲುಪಿದರು, ಸೆಂಗ್ಬೆಯೂ ಅವರಲ್ಲಿದ್ದ. ಚಿತ್ರ ಮಾತ್ರ ಅವನನ್ನು ಸೆರೆಯಲ್ಲಿಟ್ಟ ಊರಿನಲ್ಲೇ, ನ್ಯೂ ಹೇವನ್ ವಸ್ತುಸಂಗ್ರಹಾಲಯದಲ್ಲಿದೆ.