ದಿನದರ್ಶಿಕೆಯ ಆಯ್ಕೆ

ಗೋಡೆಗೆ ತೂಗುಹಾಕಿದ ಪಂಚಾಂಗವೊಂದೇ ಹಿಂದೆ ಮನೆಮಂದಿಗೆಲ್ಲ ಸಾಕಾಗುತ್ತಿತ್ತು. ಈಗ ಮೊಬೈಲಿನಲ್ಲಿ ಬರೆದುದು ಗಣಕಯಂತ್ರಕ್ಕೆ ತಿಳಿಯದೆ ಕಾರ್ಯಗಳು ತಪ್ಪಿಹೋಗುವುದುಂಟು. ಆದಕಾರಣ ದಿನದರ್ಶಿಕೆಯ ತಂತ್ರಾಂಶವನ್ನು ಆರಿಸುವವರು ಅದರ ಅಂದಚಂದಕ್ಕಿಂತ ಮೊದಲು, ಬರೆದುದು ಯಾವ ರೂಪದಲ್ಲಿ ಉಳಿಯುವುದೆಂಬುದನ್ನು ನೋಡತಕ್ಕದ್ದು. 1998ರಲ್ಲಿ ನಿರ್ಣಯವಾದ ಐಕ್ಯಾಲೆಂಡರ್ ಎಂಬ ಲೇಖನಕ್ರಮವನ್ನೂ 2007ರ ಕ್ಯಾಲ್‌ಡ್ಯಾವ್ ಎಂಬ ವಿನಿಮಯಕ್ರಮವನ್ನೂ ಬಲ್ಲ ತಂತ್ರಾಂಶಗಳು ಒಂದರ ಮಾತನ್ನು ಇನ್ನೊಂದು ಅರಿಯುತ್ತವೆ. ಗಣಕಯಂತ್ರಕ್ಕೆ ಥಂಡರ್‌ಬರ್ಡ್, ಆಂಡ್ರಾಯ್ಡ್ ಮೊಬೈಲಿಗೆ ಎಟಾರ್, ನಡುವೆ ನೆಕ್ಸ್ಟ್‌ಕ್ಲೌಡ್‌ನಂತಹ ಸರ್ವರು. ಮೊಬೈಲಿನ ಪಾಲಿಗೆ ಡ್ಯಾವ್‌ಎಕ್ಸ್5 ಎಂಬ ದೂತನೂ ಬೇಕು. ಐಫೋನಿಗೆ ಈ ದೂತನ ಅಗತ್ಯವಿಲ್ಲ. ಅದರ ಸ್ವಂತ ದಿನದರ್ಶಿಕೆಯೇ ಕ್ಯಾಲ್‌ಡ್ಯಾವನ್ನು ಬಲ್ಲುದು.

ಇವು ಮುಕ್ತ ತಂತ್ರಾಂಶಗಳಾಗಿರಬೇಕೆಂಬ ಹಟವೇಕೆ? ಸಿಂಪಲ್ ಕ್ಯಾಲೆಂಡರ್ ಸೇರಿದ್ದ ಜನಪ್ರಿಯ ತಂತ್ರಾಂಶಗಳ ಸಮೂಹವು 2023ರಲ್ಲಿ ಕಂಪನಿಯೊಂದಕ್ಕೆ ಮಾರಾಟವಾಯಿತು. ನೆಚ್ಚಿಕೊಂಡಿದ್ದವರು ಕಂಗೆಟ್ಟರು. ಆದರೆ ಮೂಲಸಂಕೇತ ಬಹಿರಂಗವಾಗಿದ್ದುದರಿಂದ, ಓಲೆಗರಿಯ ಪ್ರತಿ ಹಲವರಲ್ಲಿದ್ದ ಕಾವ್ಯದಂತೆ ಅದು ಉಳಿಯಿತು. ಅದೇ ಸಂಕೇತದಿಂದ ಫಾಸಿಫೈ ಎಂಬ ಹೊಸ ಹೆಸರಿನ ಸಮೂಹ ಹುಟ್ಟಿತು.

ಒಂದು ಎಚ್ಚರ ಮಾತ್ರ ಬೇಕು. ಯುಗಾದಿಯಂತಹ ತಿಥಿಯ ಹಬ್ಬವನ್ನು ‘ಪ್ರತಿವರ್ಷ’ ಎಂದು ನಮೂದಿಸಿದರೆ ಈ ತಂತ್ರಾಂಶಗಳು ತಾರೀಖನ್ನೇ ಹಿಡಿದು, ಮರುವರ್ಷ ತಪ್ಪು ದಿನವನ್ನು ತೋರಿಸುವುವು. ಅಂತಹವನ್ನು ಪಂಚಾಂಗ ನೋಡಿ ವರ್ಷವರ್ಷವೂ ಕೈಯಾರೆ ಬರೆಯಬೇಕು.